ಪೊರಕೆ ಬೆಳೆದ ಮಳೆಗಾಲ

ಮಳೆಗಾಲದ ನಡುವೆ ಯಾರೂ ಗೋಡೆಗೆ ಸುಣ್ಣ ಹೊಡೆಯುವುದಿಲ್ಲ. ಹೊಡೆದರೆ ಏನನ್ನೋ ಮುಚ್ಚುವುದಕ್ಕೆ ಹೊಡೆಯುತ್ತಾರೆ. ಈ ಬುದ್ಧಿ ನನಗೆ ಸುಮ್ಮನೆ ಬಂದದ್ದಲ್ಲ.

ಮೊನ್ನೆ, ಹಿಂದೆ ತನ್ನ ಮೊದಲ ಕೂಸನ್ನು ನನ್ನ ಹತ್ತಿರ ಬಿಟ್ಟು ಕೆಲಸಕ್ಕೆ ಹೋಗುತ್ತಿದ್ದ ರೇಣುಕಾಳ ಎರಡನೆಯ ಮಗಳಿಗೆ ಹೆಸರಿಡುವ ಕಾರ್ಯಕ್ಕೆಂದು ವಾಸ್ಕೋಗೆ ಹೋಗಿದ್ದೆ. ಮಂಗೋರ್ ಹಿಲ್‌ನ ಮೆಟ್ಟಿಲು ಹತ್ತುತ್ತ, ನನ್ನ ಮಂಡಿಗಳನ್ನೂ ಈ ಮೆಟ್ಟಿಲು ಕಟ್ಟಿದವರನ್ನೂ ಸಮನಾಗಿ ಬಯ್ಯುತ್ತ ಅರ್ಧದಲ್ಲಿ ನಿಂತಾಗ ಪಕ್ಕದ ಕೋಣೆಯಿಂದ ಹಸಿ ಸುಣ್ಣದ ವಾಸನೆ ಬಂತು. ಕಿಟಕಿಯಲ್ಲಿ ಇಣುಕಿದೆ. ಸಣ್ಣ ಮಕ್ಕಳ ಶಾಲೆ. ಹಿಂದಿನ ಗೋಡೆಯ ಮೇಲೆ ಹಳದಿ ಜಿರಾಫೆಯ ಚಿತ್ರ, ಅದರ ಉದ್ದ ಕತ್ತಿನ ಪಕ್ಕ ಅಳತೆಯ ಗೆರೆಗಳು. ಮಕ್ಕಳು ಸಾಲಾಗಿ ನಿಂತು ಒಬ್ಬೊಬ್ಬರೇ ಗೋಡೆಗೆ ಬೆನ್ನು ಹಚ್ಚುತ್ತಿದ್ದರು. ಎಳೆಯ ವಯಸ್ಸಿನ ಟೀಚರ್ ಒಬ್ಬಳು ನಗುನಗುತ್ತ ಅವರ ಎತ್ತರ ನೋಡುತ್ತಿದ್ದಳು.

ನೋಡುವವರಿಗೆ ಚಂದವೇ. ನಾನು ಮಾತ್ರ ಕಿಟಕಿಯ ಸರಳು ಹಿಡಿದು ಅಲ್ಲೇ ನಿಂತೆ. ಕೂಸುಗಳ ಎತ್ತರ ಅಳೆಯುವುದನ್ನು ನೋಡಿ ಹೆದರುವವಳು ಈ ಊರಿನಲ್ಲಿ ನಾನೊಬ್ಬಳೇ ಇರಬೇಕು. ಏಳು ವರ್ಷದ ಹಿಂದಿನ ಮಳೆಗಾಲ ಅದಕ್ಕೆ ಕಾರಣ.

ಆಗ ನನ್ನ ಗಂಡನ ಕೆಲಸ ವಾಸ್ಕೋದಲ್ಲಿತ್ತು. ಸಣ್ಣದೊಂದು ಸಂಸ್ಥೆ ಇದೇ ಗುಡ್ಡದ ಮೇಲೆ, ಇಲ್ಲಿಂದ ಎರಡು ಓಣಿ ಆಚೆ, ಕೂಸುಗಳ ಕೋಣೆಯೊಂದನ್ನು ನಡೆಸುತ್ತಿತ್ತು. ನಾನು ಅಲ್ಲಿ ಟೀಚರ್. ಎರಡರಿಂದ ನಾಲ್ಕು ವರ್ಷದ ಹದಿನಾಲ್ಕು ಮಕ್ಕಳು. ಎಲ್ಲರೂ ನಮ್ಮ ಕಡೆಯವರೇ, ಬಾಗಲಕೋಟೆ, ವಿಜಯಪುರ, ಗದಗ ಕಡೆಯಿಂದ ಬಂದವರ ಮಕ್ಕಳು. ತಾಯಂದಿರಲ್ಲಿ ಕೆಲವರು ವೆರ್ಣಾದ ಕಾರ್ಖಾನೆಗೆ ಕಂಪನಿ ಬಸ್ಸು ಹಿಡಿಯುವವರು, ಕೆಲವರು ದಾಬೋಲಿಮ್ ಕಡೆ ಕಟ್ಟಡದ ಕೆಲಸಕ್ಕೆ ಹೋಗುವವರು. ಬೆಳಗ್ಗೆ ಏಳಕ್ಕೆ ಕಣ್ಣುಜ್ಜುವ ಕೂಸನ್ನು ನನ್ನ ಕೈಗಿಟ್ಟು ಮೆಟ್ಟಿಲಿಳಿದು ಓಡುತ್ತಿದ್ದರು. ಅಡುಗೆಗೂ ಕಸಕ್ಕೂ ಗಂಗವ್ವ ಎಂಬ ಹೆಂಗಸಿದ್ದಳು. ಐವತ್ತು ದಾಟಿದವಳು, ಮಾತು ಕಡಿಮೆ. ಆಡಿದ ಮಾತು ಮಾತ್ರ ನೆಟ್ಟಗೆ ಎದೆಗೆ ಬಂದು ತಾಗುತ್ತಿತ್ತು.

ಕೋಣೆ ಬಸಣ್ಣ ಮೇಸ್ತ್ರಿಯದು. ಅರವತ್ತು ದಾಟಿದ ಗೌಂಡಿ, ಗುಡ್ಡದ ಈ ಮಗ್ಗುಲಿನ ಅರ್ಧ ಮನೆಗಳನ್ನು ಕಟ್ಟಿದವರು. ಗುಡ್ಡವನ್ನು ಕಡಿದು, ಆ ಮಣ್ಣನ್ನು ಇಳಿಜಾರಿನ ಕಡೆ ತುಂಬಿ, ಹಾಗೆ ಸಿಕ್ಕ ಜಾಗದಲ್ಲಿ ಕೋಣೆ ಎಬ್ಬಿಸುವುದು ಇಲ್ಲಿಯ ಪದ್ಧತಿ. ನಮ್ಮ ಕೋಣೆಯ ನೆಲ ಕಡಿದ ಕೆಂಪು ಕಲ್ಲಿನ ಮೇಲಿತ್ತು. ಹಿಂದಿನ ಗೋಡೆ ತುಂಬಿದ ಮಣ್ಣಿನ ಮೇಲೆ ನಿಂತಿತ್ತು. ಅದು ನನಗೆ ಆಗ ಗೊತ್ತಿರಲಿಲ್ಲ, ಗೊತ್ತಿದ್ದರೂ ಅದರ ಅರ್ಥ ಹೊಳೆಯುತ್ತಿರಲಿಲ್ಲ. ಮಕ್ಕಳು ಬಸಣ್ಣನವರನ್ನು ಮೇಸ್ತ್ರಿ ಅಜ್ಜ ಎನ್ನುತ್ತಿದ್ದರು. ಅವರ ಸೊಂಟದಲ್ಲಿ ಸದಾ ಒಂದು ಒಳಂಬ ಇರುತ್ತಿತ್ತು. ದಾರದ ತುದಿಗೆ ಕಟ್ಟಿದ ಕಬ್ಬಿಣದ ಗುಂಡು, ಗೋಡೆ ನೆಟ್ಟಗಿದೆಯೇ ಎಂದು ನೋಡುವುದಕ್ಕೆ. ಮಕ್ಕಳಿಗೆ ಅದನ್ನು ಆಡಲು ಕೊಟ್ಟು ತಾವು ಬಾಗಿಲಲ್ಲಿ ಕುಕ್ಕರುಗಾಲಿನಲ್ಲಿ ಕೂರುತ್ತಿದ್ದರು.

ನಾನು ಕಲಿಸುತ್ತಿದ್ದದ್ದು ಅಳತೆ. ಎರಡು ವರ್ಷದ ಕೂಸಿಗೆ ಎಂಥ ಅಳತೆ ಎಂದು ನನ್ನ ಗಂಡನೇ ನಗುತ್ತಿದ್ದ. ಅಂಕಿ ಇಲ್ಲ, ಪಟ್ಟಿ ಇಲ್ಲ. ತೆಂಗಿನ ಚಿಪ್ಪಿನಲ್ಲಿ ಮರಳು ತುಂಬುವುದು, ಸುರಿಯುವುದು. ಗಿಡ್ಡ ಬಟ್ಟಲಿನ ನೀರನ್ನು ಉದ್ದ ಲೋಟಕ್ಕೆ ಹೊಯ್ದು, ಈಗ ಹೆಚ್ಚಾಯಿತೋ ಎಂದು ಕೇಳುವುದು. ಹೆಚ್ಚಾಯಿತು ಎಂದು ಹದಿನಾಲ್ಕೂ ಜನ ಕೂಗುತ್ತಿದ್ದರು. ತಿರುಗಿ ಬಟ್ಟಲಿಗೆ ಹೊಯ್ದರೆ ಕಡಿಮೆಯಾಯಿತು ಎಂದು ಅದೇ ಹುರುಪಿನಲ್ಲಿ ಕೂಗುತ್ತಿದ್ದರು. ಕೋಲಿನ ಎರಡು ತುದಿಗೆ ಎರಡು ಚಿಪ್ಪು ಕಟ್ಟಿ ತಕ್ಕಡಿ ಮಾಡಿದ್ದೆವು. ಒಂದು ಕಡೆ ಆಲೂಗಡ್ಡೆ, ಇನ್ನೊಂದು ಕಡೆ ಹುಣಸೆಬೀಜ. ಗೇಣು ಹಾಕಿ ಚಾಪೆ ಅಳೆಯುತ್ತಿದ್ದೆವು. ಅವರ ಗೇಣು ನನ್ನ ಗೇಣಿನ ಅರ್ಧ, ಆದ್ದರಿಂದ ಅವರ ಚಾಪೆ ನನ್ನ ಚಾಪೆಗಿಂತ ದೊಡ್ಡದು ಎಂದು ಜಗಳ. ಆ ಜಗಳವೇ ಪಾಠ.

ಆ ವಯಸ್ಸಿನವರಿಗೆ ಕಲಿಸಲು ಬಹಳ ಕಷ್ಟವಾಗುವ ವಿಷಯ ಒಂದಿದೆ. ಎರಡು ಕಡ್ಡಿ ಕೊಟ್ಟು ಯಾವುದು ಉದ್ದ ಎಂದರೆ, ತಮ್ಮ ಕಡ್ಡಿಯನ್ನು ಸ್ವಲ್ಪ ಮೇಲಕ್ಕೆ ಸರಿಸಿ ಹಿಡಿದು ನಂದೇ ಉದ್ದ ಎನ್ನುತ್ತಾರೆ. ಮೋಸವಲ್ಲ, ಅವರಿಗೆ ತುದಿ ಮಾತ್ರ ಕಾಣುತ್ತದೆ. ಮೊದಲು ಬುಡ ಸಮ ಮಾಡು, ಆಮೇಲೆ ತುದಿ ನೋಡು ಎಂದು ದಿನವೂ ಹೇಳಬೇಕು. ಅದನ್ನೇ ಆಟ ಮಾಡಿದ್ದೆ. ಏನನ್ನಾದರೂ ಅಳೆಯುವ ಮುಂಚೆ ಎಲ್ಲರೂ ನೆಲ ತಟ್ಟಿ 'ಬುಡ ಸಮ, ಬುಡ ಸಮ' ಎನ್ನಬೇಕು. ಹದಿನಾಲ್ಕು ಜೊತೆ ಅಂಗೈ ನೆಲ ತಟ್ಟುವ ಸದ್ದು ಈಗಲೂ ಕಿವಿಯಲ್ಲಿದೆ. ಬುಡ ಸಮ ಮಾಡಲು ಕಲಿಸಿದವಳು ನಾನು. ಆದರೆ ಬುಡವೇ ಸರಿಯಬಹುದೆಂಬ ಯೋಚನೆ ನನಗೆ ಬರಲೇ ಇಲ್ಲ.

ಜೂನ್ ಮೊದಲ ವಾರ, ಮಳೆ ಹಿಡಿಯುವ ಮುಂಚೆ, ಎಲ್ಲರ ಎತ್ತರ ಗುರುತು ಮಾಡಿದೆವು. ಗಿಲಾವಿನ ನುಣುಪು ಮೈ ಇದ್ದದ್ದು ಹಿಂದಿನ ಗೋಡೆಗೆ ಮಾತ್ರ, ಹಾಗಾಗಿ ಅದನ್ನೇ ಆರಿಸಿದೆ. ಇದ್ದಿಲಿನಿಂದ ಒಂದೊಂದು ಗೆರೆ, ಪಕ್ಕದಲ್ಲಿ ಎಲೆ, ಮೀನು, ಚಂದ್ರ, ಹೀಗೆ ಒಬ್ಬೊಬ್ಬರಿಗೆ ಒಂದು ಚಿತ್ರ. ರೇಣುಕಾಳ ಮಗಳು ಭಾಗ್ಯಾಗೆ ಆಗ ಮೂರೂವರೆ ವರ್ಷ, ಹಟಕ್ಕೆ ಇನ್ನೊಂದು ಹೆಸರು. ಮೂಲೆಯಲ್ಲಿದ್ದ ಗಂಗವ್ವನ ಕಡ್ಡಿ ಪೊರಕೆಯನ್ನು, ನಮ್ಮ ಕಡೆಯ ಮಾತಿನಲ್ಲಿ ಬಾರಿಗಿಯನ್ನು, ಎಳೆದುಕೊಂಡು ಬಂದು ಅಡ್ಡ ನಿಂತಳು.

“ಮೊದ್ಲ ಇದನ್ನ ಅಳೀರಿ.”

“ಬಾರಿಗಿ ಏನ್ ಬೆಳೀತೈತೇನ ಹುಚ್ಚಿ?” ಎಂದೆ.

“ಅದು ಬೆಳಿಯಂಗಿಲ್ಲ. ನಾ ಬೆಳದ ಅದಕಿಂತ ದೊಡ್ಡಾಕಿ ಆಗ್ತೀನಿ.”

ಸರಿ, ಪೊರಕೆಯನ್ನು ಗೋಡೆಗೆ ಆನಿಸಿ, ನೆಲ ತಟ್ಟಿ, ಅದಕ್ಕೂ ಒಂದು ಗೆರೆ ಎಳೆದೆ. ಭಾಗ್ಯಾ ಅದಕ್ಕಿಂತ ನಾಲ್ಕು ಬೆರಳು ಗಿಡ್ಡ. ಮಳೆಗಾಲ ಮುಗಿಯುವುದರೊಳಗೆ ಪೊರಕೆಯನ್ನು ಮೀರಬೇಕೆಂದು ಹಟ ಹಿಡಿದು ಅಂದಿನಿಂದ ಎರಡು ಸೌಟು ಹೆಚ್ಚು ಉಣ್ಣತೊಡಗಿದಳು.

ಆಮೇಲೆ ಮಳೆ ಹಿಡಿಯಿತು. ಗೋವಾದ ಮಳೆ ನಮ್ಮ ಕಡೆಯ ಮಳೆಯಂತೆ ಬಂದು ಹೋಗುವುದಿಲ್ಲ, ಬಂದು ಕೂರುತ್ತದೆ. ಜುಲೈಯಲ್ಲಿ ಸೂರ್ಯನ ಮುಖ ನೋಡಿದ ನೆನಪಿಲ್ಲ. ಒಂದೊಂದೇ ಕಿರಿಕಿರಿ ಶುರುವಾಯಿತು. ಹಿಂದಿನ ಕಿಟಕಿ ಮುಚ್ಚಿಕೊಳ್ಳಲಿಲ್ಲ. ಮಳೆಗೆ ಕಟ್ಟಿಗೆ ಉಬ್ಬಿದೆ ಎಂದುಕೊಂಡೆವು. ತಗಡಿನ ಛಾವಣಿ ಗಾಳಿಯಿಲ್ಲದಾಗಲೂ ಟಕ್ ಎನ್ನುತ್ತಿತ್ತು. ಕಾಗೆ ಇರಬೇಕು ಎಂದುಕೊಂಡೆವು. ನೆಲಕ್ಕೂ ಗೋಡೆಗೂ ಕೂಡಿದಲ್ಲಿ ಕೂದಲಿನಷ್ಟು ಸಂದು ಬಿಟ್ಟು ಅದರೊಳಗಿಂದ ಇರುವೆಗಳು ಬಿಳಿ ಮೊಟ್ಟೆ ಹೊತ್ತು ಸಾಲುಗಟ್ಟಿ ಹೊರಬಂದವು. ಮಕ್ಕಳು ಇರುವೆ ಸಾಲಿನ ಉದ್ದವನ್ನೂ ಗೇಣು ಹಾಕಿ ಅಳೆದರು. ಆ ಸಂದಿನಿಂದ ತಣ್ಣನೆಯ ಮಣ್ಣಿನ ವಾಸನೆ ಬರುತ್ತಿತ್ತು. ಊಟವಾದ ಮೇಲೆ ಹದಿನಾಲ್ಕು ಕೂಸುಗಳು ಮಲಗುತ್ತಿದ್ದದ್ದು ಅದೇ ಗೋಡೆಗೆ ತಲೆ ಕೊಟ್ಟು.

ಜುಲೈ ಕೊನೆಗೆ ಮತ್ತೆ ಎತ್ತರ ಅಳೆದೆವು. ಎಲೆಯವನು ಎರಡು ಬೆರಳು ಬೆಳೆದಿದ್ದ. ಮೀನಿನವಳು ಎರಡು ಬೆರಳು. ಚಂದ್ರನವನು ಎರಡು ಬೆರಳು. ಹದಿನಾಲ್ಕೂ ಜನ ಎರಡೆರಡು ಬೆರಳು. ನಾನು ಉಬ್ಬಿಹೋದೆ. ರಾಗಿ ಗಂಜಿ, ಶೇಂಗಾ ಉಂಡೆ, ಎಲ್ಲ ನನ್ನ ಲೆಕ್ಕಾಚಾರವೇ ಆಗಿತ್ತು. ಸಂಜೆ ಮಕ್ಕಳನ್ನು ಕರೆದೊಯ್ಯಲು ಬಂದ ತಾಯಂದಿರನ್ನೆಲ್ಲ ಗೋಡೆಯ ಮುಂದೆ ನಿಲ್ಲಿಸಿ ತೋರಿಸಿದೆ. ದಿನವಿಡೀ ದುಡಿದ ಮುಖಗಳು ಅರಳಿದವು. ಒಬ್ಬಳು ತನ್ನ ಮಗನ ಗೆರೆಯನ್ನು ಬೆರಳಿನಿಂದ ಸವರಿ ಕಣ್ಣಿಗೆ ಒತ್ತಿಕೊಂಡಳು. ಸಂಸ್ಥೆ ನಡೆಸುತ್ತಿದ್ದ ಹೆಂಗಸು ಬಂದಾಗ ಅವರಿಗೂ ತೋರಿಸಿ ಹೊಗಳಿಸಿಕೊಂಡೆ. ಏಳೆಂಟು ವಾರದಲ್ಲಿ ಹದಿನಾಲ್ಕು ಬೇರೆ ಬೇರೆ ಹೊಟ್ಟೆಗಳು ಒಂದೇ ಸಮ ಬೆಳೆಯುವುದುಂಟೇ? ಅಳತೆಯ ಟೀಚರ್ ನಾನು, ಅಷ್ಟೂ ತೋಚಲಿಲ್ಲ. ಹೊಗಳಿಕೆ ಕಣ್ಣಿಗೆ ಕಟ್ಟಿದ ಪಟ್ಟಿಯಾಗಿತ್ತು.

ಭಾಗ್ಯಾ ಒಬ್ಬಳೇ ಅತ್ತಳು. ತಾನು ಬೆಳೆದಿದ್ದೇನೆಂದು ಪೊರಕೆಯನ್ನು ಪಕ್ಕದಲ್ಲಿ ನಿಲ್ಲಿಸಿ ನೋಡಿದರೆ ಅದು ಇನ್ನೂ ನಾಲ್ಕು ಬೆರಳು ಎತ್ತರ. ಗೋಡೆಯ ಮೇಲಿದ್ದ ಪೊರಕೆಯ ಗೆರೆಯನ್ನು ಪೊರಕೆಯೇ ದಾಟಿ ನಿಂತಿತ್ತು.

“ಟೀಚರ್, ಬಾರಿಗಿನೂ ಬೆಳದೈತ್ರಿ,” ಎಂದು ಬಿಕ್ಕಿದಳು.

ನಾವೆಲ್ಲ ಹೊಟ್ಟೆ ಹಿಡಿದು ನಕ್ಕೆವು. ಆ ವಾರವೆಲ್ಲ ಸಿಕ್ಕವರಿಗೆ ಆ ಮಾತನ್ನು ಹೇಳಿ ನಗಿಸಿದೆ. ಬಸಣ್ಣ ಮೇಸ್ತ್ರಿಗೂ ಹೇಳಿದೆ. ಅವರೂ ನಕ್ಕರು.

ಹತ್ತು ದಿನ ಹಾಗೇ ಹೋಯಿತು. ಒಂದು ಮಧ್ಯಾಹ್ನ ಮಕ್ಕಳು ಮಲಗಿದ್ದಾಗ ಗಂಗವ್ವ ಕಸ ಗುಡಿಸುತ್ತಿದ್ದವಳು ನಿಂತಳು. ಪೊರಕೆಯನ್ನು ತಿರುಗಿಸಿ ಅದರ ತುದಿ ನೋಡಿದಳು.

“ಟೀಚರ್, ಒಂದ ಮಾತ ಕೇಳಲೇನ್ರಿ? ಬಾರಿಗಿ ಸವಿತೈತ್ರಿ. ಜೂನ್‌ನಾಗ ಹೊಸಾದಿತ್ತು, ಈಗ ಒಂದೀಟ ಸವದಿರಬೇಕು. ಗ್ವಾಡಿ ಮ್ಯಾಲ ಹೆಂಗ ಉದ್ದ ಆತು?”

ನಾನು ಗೋಡೆಯನ್ನು ನೋಡಿದೆ. ಗೋಡೆಯ ಬುಡದಲ್ಲಿ ಹದಿನಾಲ್ಕು ತಲೆಗಳಿದ್ದವು. ಹೊರಗೆ ಒಂದೇ ಸಮ ಮಳೆ. ಕೂಸುಗಳೂ ಬೆಳೆದಿರಲಿಲ್ಲ, ಪೊರಕೆಯೂ ಬೆಳೆದಿರಲಿಲ್ಲ. ಗೆರೆಗಳನ್ನು ಹೊತ್ತುಕೊಂಡು ಗೋಡೆಯೇ ಕೆಳಗೆ ಇಳಿಯುತ್ತಿತ್ತು. ಒಂದೊಂದೇ ಚಾಪೆಯನ್ನು, ಮೇಲೆ ಮಲಗಿದ ಮಗುವಿನ ಸಮೇತ, ಬಾಗಿಲಿನ ಕಡೆ ಎಳೆದೆವು. ಸದ್ದು ಮಾಡಲು ಹೆದರಿಕೆ, ಗೋಡೆಗೆ ಕೇಳಿಸೀತೆಂಬಂತೆ.

ಸಂಜೆ ಮೇಸ್ತ್ರಿಯವರನ್ನು ಕರೆಸಿದೆ. ಅವರು ಅಲಕ್ಷ್ಯ ಮಾಡಲಿಲ್ಲ, ಅದನ್ನು ಹೇಳಲೇಬೇಕು. ಒಳಂಬ ಬಿಟ್ಟು ಗೋಡೆಯ ಮೂರು ಕಡೆ ನೋಡಿದರು. ಗುಂಡು ಅಲುಗಾಡದೆ ನಿಂತಿತು. ದಾರ ಗೋಡೆಗೆ ನೆಟ್ಟಗಿತ್ತು.

“ಕೂದಲೆಳಿಯಷ್ಟೂ ವಾಲಿಲ್ರಿ. ವಾಲದ ಗ್ವಾಡಿ ಬೀಳಂಗಿಲ್ಲ. ನಲವತ್ತ ವರ್ಷ ಆತು ನಾ ಕರಣಿ ಹಿಡದು.”

“ವಾಲಿಲ್ಲ, ಮೇಸ್ತ್ರಿ. ಕೆಳಗ ಹೊಂಟೈತಿ.”

“ಮಳಿಗಾಲದಾಗ ಹೊಸಾ ಮಣ್ಣ ಒಂದೀಟ ಕುಂಡ್ರತೈತಿ. ಹಂಗ ಕುಂತ ಗಟ್ಟಿ ಆಗತೈತಿ. ಹೆದರಬ್ಯಾಡ್ರಿ.”

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಒಳಂಬ ವಾಲಿದ್ದನ್ನು ಹೇಳುತ್ತದೆ, ಇಳಿದದ್ದನ್ನು ಹೇಳುವುದಿಲ್ಲ. ಅದು ಅವರಿಗೂ ತಿಳಿದಿರಬೇಕಿತ್ತು. ಆದರೆ ತಾನೇ ಕಟ್ಟಿದ ಗೋಡೆಯ ಮುಂದೆ ನಿಂತಾಗ ಗೌಂಡಿಯೂ ತಂದೆಯ ಹಾಗೆ ಆಗಿಬಿಡುತ್ತಾನೋ ಏನೋ. ಆ ಭಾನುವಾರ ಅವರು ಬಂದು ಸಂದಿಗೆ ಸಿಮೆಂಟು ತುಂಬಿ, ನನ್ನ ಹೆದರಿಕೆ ಹೋಗಲೆಂದು ಗೋಡೆಗೆ ಸುಣ್ಣ ಹೊಡೆದರು. ಸೋಮವಾರ ನಾನು ಬಾಗಿಲು ತೆಗೆದಾಗ ಹಸಿ ಸುಣ್ಣದ ವಾಸನೆ ಮುಖಕ್ಕೆ ಹೊಡೆಯಿತು. ಎಲೆ, ಮೀನು, ಚಂದ್ರ, ಪೊರಕೆ, ಎಲ್ಲ ಗೆರೆಗಳೂ ಅಳಿಸಿಹೋಗಿದ್ದವು.

ಅದೇ ದಿನ ಪೊರಕೆ ನಿಲ್ಲಿಸಿ ಹೊಸ ಗೆರೆ ಎಳೆದೆ. ಗಂಗವ್ವನಿಗೆ ಇನ್ನೊಂದು ಪೊರಕೆ ತರಿಸಿ, ಇದನ್ನು ಅಳತೆಗೆಂದೇ ಎತ್ತಿಟ್ಟೆ. ದಿನವೂ ಬೆಳಗ್ಗೆ ಬುಡ ಸಮ. ಮಂಗಳವಾರ ಗೆರೆಗೂ ತುದಿಗೂ ಕಾಗದದಷ್ಟು ಅಂತರ. ಗುರುವಾರ ಬಳಪದಷ್ಟು. ಶನಿವಾರ ನನ್ನ ಹೆಬ್ಬೆರಳು ಅಡ್ಡಲಾಗಿ ಹಿಡಿಸಿತು. ಏಳೆಂಟು ವಾರದಲ್ಲಿ ಎರಡು ಬೆರಳು ಇಳಿದದ್ದು ಈಗ ಒಂದು ವಾರದಲ್ಲಿ ಒಂದು ಬೆರಳು.

ಆಮೇಲೆ ನಾನು ಮಾಡಿದ್ದನ್ನು ಇಂದಿಗೂ ಸಮರ್ಥಿಸಿಕೊಳ್ಳಲಾರೆ. ಮೇಸ್ತ್ರಿಯವರ ಮನೆಗೆ ಹೋಗಿ, ಅವರ ಪಕ್ಕ ಕೂತು, ಮೆಲ್ಲಗೆ ಹೇಳಬಹುದಿತ್ತು. ಹೇಳಲಿಲ್ಲ. ಸೋಮವಾರ ಬೆಳಗ್ಗೆ ಏಳಕ್ಕೆ, ತಾಯಂದಿರೆಲ್ಲ ಕೊಡೆ ಹಿಡಿದು ಮಕ್ಕಳನ್ನು ಬಿಡುವ ಹೊತ್ತಿಗೆ ಸರಿಯಾಗಿ ಅವರನ್ನು ಬರಹೇಳಿದೆ. ನನಗೆ ಸಾಕ್ಷಿ ಬೇಕಿತ್ತು. ಖರೇ ಹೇಳಬೇಕೆಂದರೆ ಗೆಲುವೂ ಬೇಕಿತ್ತು.

“ಭಾಗ್ಯಾ, ಬಾರಿಗಿ ತಗೊಂಡ ಬಾರವ್ವ.”

ಅವಳು ತಂದಳು. ಗೋಡೆಗೆ ನಿಲ್ಲಿಸಿದಳು. ಬಗ್ಗಿ ಎರಡೂ ಕೈಯಿಂದ ನೆಲ ತಟ್ಟಿದಳು.

“ಬುಡ ಸಮ ಐತ್ರಿ,” ಎಂದು ಮೇಸ್ತ್ರಿಯವರ ಮುಖ ನೋಡಿ ಹೇಳಿದಳು. “ತುದಿ ನೋಡ್ರಿ ಅಜ್ಜಾ.”

ಹಿಂದೆ ಯಾರೋ ಕಿಸಕ್ಕೆಂದರು. “ಮೇಸ್ತ್ರಿಗೆ ಕೂಸು ಪಾಠ ಹೇಳಾಕತ್ತೈತಿ ನೋಡ,” ಎಂದಿತು ಒಂದು ದನಿ. ಮಳೆಯ ಸದ್ದಿನ ನಡುವೆಯೂ ಆ ನಗು ಎಲ್ಲರಿಗೂ ಕೇಳಿಸಿತು. ಬಸಣ್ಣ ಗೆರೆಯನ್ನೂ ನೋಡಲಿಲ್ಲ, ಪೊರಕೆಯನ್ನೂ ನೋಡಲಿಲ್ಲ. ನನ್ನನ್ನೇ ನೋಡಿದರು.

“ಆತ್ರಿ ಟೀಚರ್. ನಿಮ್ಮ ಬಾರಿಗಿ ಖರೇ, ನನ್ನ ಒಳಂಬ ಸುಳ್ಳ. ಹುಡುಗರ್ನ ಕರಕೊಂಡ ಹೋಗ್ರಿ. ಇವತ್ತಿಂದ ಮಧ್ಯಾಹ್ನ ನಾ ಇಲ್ಲೇ ಅಡ್ಡ ಆಗ್ತೀನಿ, ಇದ ಗ್ವಾಡಿ ಬಾಜೂಕ. ಬಿದ್ರ ನನ್ನ ಮ್ಯಾಲ ಬೀಳ್ಲಿ.”

ಮಕ್ಕಳನ್ನು ಎಲ್ಲಿಗೆ ಕರೆದೊಯ್ಯುವುದು? ತಾಯಂದಿರ ಬಸ್ಸು ಕಾಯುವುದಿಲ್ಲ. ಗುಡ್ಡದ ಬುಡದಲ್ಲಿ ಫಿಲೋಮಿನಾ ಬಾಯಿ ಎಂಬ ಮುದುಕಿಯ ಹಳೆಯ ಮನೆಯಿತ್ತು. ನಮ್ಮ ಮಕ್ಕಳ ಗದ್ದಲಕ್ಕೆ ದಿನಾ ಬಯ್ಯುತ್ತಿದ್ದವಳು. ಹದಿನಾಲ್ಕು ಮಕ್ಕಳನ್ನು ಹಗ್ಗ ಹಿಡಿಸಿಕೊಂಡು ಮಳೆಯಲ್ಲಿ ನಿಂತ ನನ್ನನ್ನು ನೋಡಿ ಅವಳು ಹೊರಗೆ ಬಂದಳು. “ಹಾಡ್ ಗೋ ಬಾಯ್, ಭುರ್ಗ್ಯಾಂಕ ಭಿತರ್ ಹಾಡ್,” ಎಂದು ಕಲ್ಲಿನ ಪೀಠಗಳಿದ್ದ ತನ್ನ ಮುಂಜಗುಲಿಯ ಗೇಟು ತೆಗೆದಳು. ಮಕ್ಕಳನ್ನು ಒಳಗೆ ತಾ ಎಂಬಷ್ಟು ಕೊಂಕಣಿ ನನಗೆ ಬರುತ್ತಿತ್ತು.

ಅಲ್ಲಿ ಹನ್ನೆರಡು ದಿನ ಕಳೆದೆವು. ಮಳೆಯ ಎರಚಲು ಒಳಗೆ ಬರುತ್ತಿತ್ತು, ಚಾಪೆ ಒದ್ದೆ, ಮಕ್ಕಳಿಗೆ ಕೆಮ್ಮು. ದಿನವೂ ಊಟದ ನಂತರ ಮೇಸ್ತ್ರಿ ಚಾಪೆ ಸುತ್ತಿ ಕಂಕುಳಲ್ಲಿಟ್ಟುಕೊಂಡು ಕೋಣೆಗೆ ಹೋಗುವುದು ಕೆಳಗಿನಿಂದ ಕಾಣುತ್ತಿತ್ತು. ನಾಲ್ಕಕ್ಕೆ ಎದ್ದು ಬರುತ್ತಿದ್ದರು. ಬಾಗಿಲಲ್ಲಿ ನಿಂತು ಮೈ ಮುರಿಯುತ್ತಿದ್ದರು, ನಾವು ನೋಡಲೆಂದೇ. ಗಂಗವ್ವ ಬೆಳಗ್ಗೆ ಹೋಗಿ ಪೊರಕೆ ನಿಲ್ಲಿಸಿ ನೋಡಿ ಬರುತ್ತಿದ್ದಳು. ಮೊದಲ ವಾರ ಇನ್ನೂ ಅರ್ಧ ಬೆರಳು ಇಳಿಯಿತು. ಆಮೇಲೆ ನಿಂತುಬಿಟ್ಟಿತು.

“ಇವತ್ತೂ ಹೆಚ್ಚಿಲ್ರಿ,” ಎಂದಳು ಒಂದು ದಿನ. ಮರುದಿನವೂ ಅದೇ. ಅದರ ಮರುದಿನವೂ.

ಗೋಡೆ ಇಳಿಯಲಿಲ್ಲವೆಂದು ನಿರಾಶೆಪಟ್ಟವಳು ನಾನು. ಮೂರು ದಿನ ಒಳಗೊಳಗೇ ಅದು ಬೀಳಲಿ ಎಂದು ಬಯಸಿದೆ, ನನ್ನ ಮಾತು ಉಳಿಯಲಿ ಎಂದು. ಅದನ್ನು ಯಾರಿಗೂ ಹೇಳಿರಲಿಲ್ಲ. ಈಗ ಬರೆದಿದ್ದೇನೆ.

ಶುಕ್ರವಾರ ಸಂಜೆ ರೇಣುಕಾ ಮತ್ತು ಇನ್ನೂ ನಾಲ್ಕು ಜನ ತಾಯಂದಿರು ಬಂದರು. ರೇಣುಕಾಳ ಕಣ್ಣು ಕೆಂಪಾಗಿತ್ತು. ಭಾಗ್ಯಾಗೆ ಎರಡು ದಿನದಿಂದ ಜ್ವರ.

“ಟೀಚರ್, ಗ್ವಾಡಿ ಬಿದ್ದರ ಒಂದ ದಿನ ಸಾಯತಾವು. ಇಲ್ಲಿ ದಿನಾ ಸಾಯಾಕತ್ತಾವು. ಮೇಸ್ತ್ರಿ ದಿನಾ ಮಲಗಿ ಎದ್ದ ಬರತಾರಲ್ರಿ? ಸೋಮವಾರದಿಂದ ಒಳಗ ಕುಂಡ್ರಸ್ರಿ.”

ಸೋತೆ. ಆಗಲಿ ಎಂದೆ. ಹದಿನಾಲ್ಕು ಮಕ್ಕಳನ್ನು ಸೋಮವಾರ ಆ ಗೋಡೆಯ ಪಕ್ಕಕ್ಕೆ ತಿರುಗಿ ಕರೆತರಲು ಒಪ್ಪಿದವಳೂ ನಾನೇ.

ಶನಿವಾರ ಬಿಸಿಲು ಬಂತು. ಎರಡು ತಿಂಗಳ ಮೇಲೆ ಮೊದಲ ಬಿಸಿಲು. ಗುಡ್ಡದ ತುಂಬ ಚಾದರ, ಲಂಗ, ಅಂಗಿಗಳು ಒಣಗಲು ಬಿದ್ದವು. ಹೆಂಗಸರು ಬಾಗಿಲಲ್ಲಿ ಕೂತು ತಲೆ ಬಾಚಿಕೊಂಡರು. ಕೋಣೆ ಗುಡಿಸಿಡಲೆಂದು ನಾನು ಮಧ್ಯಾಹ್ನ ಮೇಲೆ ಹೋದೆ. ಮೇಸ್ತ್ರಿ ಆಗತಾನೇ ಚಾಪೆ ಹಾಸುತ್ತಿದ್ದರು. ಕಣ್ಣಿಗೆ ಕಣ್ಣು ಕೂಡಿತು. ಅವರ ಮುಖದಲ್ಲಿ ಸಿಟ್ಟು ಇಳಿದಿತ್ತು, ಏನೋ ಮಾತಾಡುವ ಮನಸ್ಸಿದ್ದಂತಿತ್ತು. ಇಷ್ಟು ದಿನ ಮಲಗಿದ್ದು ಸಾಕು, ಮೇಸ್ತ್ರಿ, ಇವತ್ತು ಮನೆಯಲ್ಲಿ ಮಲಗಿರಿ ಎಂದು ನನ್ನ ನಾಲಗೆಯ ತುದಿಗೆ ಬಂತು. ಸೋತವಳಿಗೆ ಆ ಮಾತು ಆಡಲಾಗಲಿಲ್ಲ. ಮುಖ ತಿರುಗಿಸಿ, ಆಮೇಲೆ ಗುಡಿಸಿದರಾಯಿತು ಎಂದುಕೊಂಡು ಇಳಿದು ಬಂದೆ.

ಜಗುಲಿಗೆ ಬಂದು ಮಕ್ಕಳಿಗೆ ನೀರಿನ ಬೋಗುಣಿ ಇಟ್ಟೆ, ಲೋಟಗಳನ್ನು ಕೊಟ್ಟೆ. ತುಂಬಿತು, ಖಾಲಿ, ತುಂಬಿತು, ಖಾಲಿ. ಆಗ ಆ ಸದ್ದು. ದೊಡ್ಡ ಸದ್ದೇನಲ್ಲ, ಲಾರಿಯಿಂದ ಜಲ್ಲಿ ಇಳಿಸಿದ ಹಾಗೆ. ಬೋಗುಣಿಯ ನೀರು ತಾನೇ ನಡುಗಿ ಉಂಗುರ ಉಂಗುರವಾಯಿತು. ಮಕ್ಕಳು ಅದನ್ನು ನೋಡಿ ಚಪ್ಪಾಳೆ ತಟ್ಟಿದರು. ನಾನು ಮೇಲೆ ನೋಡಿದಾಗ ಕೋಣೆಯ ತಗಡು ಒಂದು ಕಡೆ ನೆಲಕ್ಕೆ ತಾಗಿತ್ತು. ಅದರ ಹಿಂದೆ ಗೋಡೆ ಇದ್ದ ಜಾಗದಲ್ಲಿ ಬಿಸಿಲು ತುಂಬಿತ್ತು.

ಗೋಡೆ ಹೊರಕ್ಕೆ, ತನ್ನ ಬುಡದ ಮಣ್ಣಿನ ಜೊತೆ ಜಾರಿತ್ತು. ಬಸಣ್ಣನವರ ಮೇಲೆ ಬಿದ್ದದ್ದು ಛಾವಣಿಯ ತೊಲೆ. ಓಣಿಯ ಗಂಡಸರು ಎತ್ತಿ ಹೊರತೆಗೆಯುವಷ್ಟರಲ್ಲಿ ಅವರು ಹೋಗಿದ್ದರು. ಹೊದ್ದುಕೊಂಡದ್ದು ಹೊದ್ದ ಹಾಗೇ ಇತ್ತು, ಅವರು ನಿಜವಾಗಿ ನಿದ್ದೆ ಮಾಡುತ್ತಿದ್ದರು. ಗೋಡೆಯ ಮೇಲೆ ಅವರಿಗೆ ನಂಬಿಕೆಯಿತ್ತು, ನನ್ನನ್ನು ಹಂಗಿಸಲೆಂದಷ್ಟೇ ಮಲಗಿದ್ದಲ್ಲ. ಅದು ಗೊತ್ತಾದಾಗಲೇ ನನಗೆ ಅಳು ಬಂದದ್ದು.

ತಾಯಂದಿರು ನನ್ನ ಕೈ ಹಿಡಿದುಕೊಂಡರು. ರೇಣುಕಾ ಕಾಲಿಗೆ ಬೀಳಲು ಬಂದಳು. ಹದಿನಾಲ್ಕು ಮಕ್ಕಳನ್ನು ಉಳಿಸಿದವಳೆಂದು ಎಲ್ಲರೂ ಹೇಳಿದರು. ಮೂರನೆಯ ದಿನ ನಾನು ಹೋದಾಗ ಬಸಣ್ಣನವರ ಹೆಂಡತಿ ಮಾತ್ರ ಒಂದೇ ಮಾತು ಕೇಳಿದಳು. “ಅಷ್ಟ ಮಂದಿ ಮುಂದ ಯಾಕ್ರಿ ಹೇಳಿದ್ರಿ? ನನ್ನ ಕಡೆ ಒಂದ ಮಾತ ಹೇಳಿದ್ರ ನಾ ಅವರ್ನ ಬಿಡತಿದ್ದೆನೇನ್ರಿ?” ಅಂದಿನಿಂದ ನನ್ನ ಚೀಲದಲ್ಲಿ ಒಂದು ಅಳತೆ ಟೇಪು ಇರುತ್ತದೆ, ಮದುವೆಗೆ ಹೋದರೂ.

ಇಷ್ಟೆಲ್ಲ ಆ ಕಿಟಕಿಯಲ್ಲಿ ನಿಂತಾಗ ಮನಸ್ಸಿನಲ್ಲಿ ಹಾದುಹೋಯಿತು. ಒಳಗಿದ್ದ ಟೀಚರ್ ನನ್ನನ್ನು ಗಮನಿಸಿ ಬಾಗಿಲಿಗೆ ಬಂದಳು. ಶ್ವೇತಾ ಎಂದು ಹೆಸರು, ಗದಗದ ಕಡೆಯವಳು. ನಾನೂ ಹಿಂದೆ ಇದೇ ಗುಡ್ಡದ ಮೇಲೆ ಟೀಚರ್ ಆಗಿದ್ದೆ ಎಂದಾಗ ಖುಷಿಯಿಂದ ಒಳಗೆ ಕರೆದಳು.

“ಜಿರಾಫೆ ಚಂದ ಐತಲ್ರಿ? ಜೂನ್‌ನಾಗ ಬರಿಸಿದ್ದು. ಗೆರಿ ಎಲ್ಲಾ ನಾನಽ ನಿಂತ ಟೇಪ್ ಹಿಡಿದ ಹಾಕಿಸೀನ್ರಿ.”

“ಸುಣ್ಣದ ವಾಸನಿ ಬರಾಕತ್ತೈತಿ,” ಎಂದೆ.

“ಬುಡದಾಗ ಒಂದೀಟ ಬಿರುಕ ಬಿಟ್ಟಿತ್ರಿ. ಮಾಲಕರು ಭಾಳ ಚಲೋ ಮನಶ್ಯಾ, ತಾವಽ ಬಂದ ಮುಚ್ಚಿ ಹೋದ್ರು.” ಮತ್ತೆ ಮಕ್ಕಳ ಕಡೆ ತಿರುಗಿ ಹೆಮ್ಮೆಯಿಂದ ಹೇಳಿದಳು. “ಈ ಸಲ ನಮ್ಮ ಹುಡುಗರು ಭಾಳ ಚಲೋ ಬೆಳದಾರ ನೋಡ್ರಿ. ಎಲ್ಲಾರೂ ಒಂದೇ ಸಮ.”

ನಾನು ಚೀಲಕ್ಕೆ ಕೈ ಹಾಕಿ ಟೇಪು ತೆಗೆದೆ. ಅದರ ತುದಿಯನ್ನು ನೆಲಕ್ಕೆ ಒತ್ತಿ ಹಿಡಿಯಲು ಅವಳಿಗೆ ಕೊಟ್ಟೆ. ಸಾಲಿನಲ್ಲಿದ್ದ ಒಂದು ಹುಡುಗಿ ಕುತೂಹಲದಿಂದ ಪಕ್ಕಕ್ಕೆ ಬಂದು ಕೂತಳು. ಜಿರಾಫೆಯ ಕತ್ತಿನ ಮೇಲೆ ನೂರು ಎಂದು ಬರೆದ ಗೆರೆಯವರೆಗೆ ಟೇಪನ್ನು ಎಳೆದೆ. ಟೇಪಿನಲ್ಲಿ ಅದು ತೊಂಬತ್ತೇಳು.

ಶ್ವೇತಾ ಇನ್ನೊಮ್ಮೆ ನೋಡಿದಳು. ಟೇಪಿನ ತುದಿಯನ್ನು ಗಟ್ಟಿಯಾಗಿ ಒತ್ತಿ ಮತ್ತೊಮ್ಮೆ ನೋಡಿದಳು. ಅವಳ ನಗು ನಿಂತುಹೋಯಿತು.

ನಾನು ದನಿ ಏರಿಸಲಿಲ್ಲ. ಮಕ್ಕಳಿಗೆ ಕೇಳಿಸದ ಹಾಗೆ ಅವಳ ಕಿವಿಯ ಹತ್ತಿರ ಹೇಳಿದೆ.

“ಮೊದ್ಲ ಹುಡುಗರ್ನ ಹೊರಗ ಕರಕೋರಿ, ಆಟಕ್ಕ ಅಂತ ಹೇಳ್ರಿ. ಆಮ್ಯಾಲೆ ಮಾಲಕರ ಮನಿ ತೋರಸ್ರಿ. ನಾವಿಬ್ಬರಽ ಹೋಗೂಣು. ಅವರ ಹೆಂಡ್ತಿ ಇದ್ದರ ಇನ್ನೂ ಚಲೋ.”